ಈ ದೊಡ್ಡ ಬಿದಿರಿನ ಹೆಸರೇನು?

ಕೊಡಗಿನ ಹಳೆಯ ಕಾಫಿ ತೋಟಗಳ ಅಂಚಿನಲ್ಲಿ, ತೊರೆಯ ದಂಡೆಯಲ್ಲಿ, ಗದ್ದೆ ಮುಗಿದು ತೋಟ ಶುರುವಾಗುವ ಇಳಿಜಾರಿನಲ್ಲಿ ಒಂದು ಬಗೆಯ ಬಿದಿರು ಮೆಳೆ ಕಾಣಸಿಗುತ್ತದೆ. ಒಂದೊಂದು ಗಳವೂ ಎರಡು ಕೈ ಸೇರಿಸಿ ಹಿಡಿದರೆ ಮಾತ್ರ ಹಿಡಿತಕ್ಕೆ ಸಿಗುವಷ್ಟು ದಪ್ಪ. ನಾಲ್ಕಾಳು ಎತ್ತರದವರೆಗೆ ಕೊಂಬೆಯೇ ಇಲ್ಲ, ಮುಳ್ಳಂತೂ ಇಲ್ಲವೇ ಇಲ್ಲ. ನಮ್ಮ ಕಾಡಿನ ಹೆಬ್ಬಿದಿರಿನ ಮೆಳೆಯೊಳಗೆ ಕೈ ಹಾಕಿದವರಿಗೆ ಇದು ಬೇರೆಯದೇ ಗಿಡವೆಂದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಆದರೆ ಯಾವುದು ಎಂದು ಕೇಳಿದರೆ ಉತ್ತರ ಗಟ್ಟಿಯಾಗಿ ಬರುವುದಿಲ್ಲ. ‘ಬರ್ಮಾ ಬಿದಿರು’ ಎನ್ನುವವರಿದ್ದಾರೆ, ಸುಮ್ಮನೆ ‘ದೊಡ್ಡ ಬಿದಿರು’ ಎನ್ನುವವರಿದ್ದಾರೆ, ಅಜ್ಜನ ಕಾಲದಲ್ಲಿ ಯಾರೋ ತಂದು ನೆಟ್ಟಿದ್ದು ಎಂದು ಮುಗಿಸುವವರೂ ಇದ್ದಾರೆ. ಇಂಥ ಮೆಳೆಯ ಹೆಸರನ್ನು ಪತ್ತೆಮಾಡಲು ಹೊರಟವರು ಸಾಮಾನ್ಯವಾಗಿ ಅದರ ಎತ್ತರ ಅಳೆಯುತ್ತಾರೆ, ದಪ್ಪ ಅಳೆಯುತ್ತಾರೆ, ಎಲೆಯ ಫೋಟೊ ತೆಗೆಯುತ್ತಾರೆ. ಈ ಮೂರರಿಂದಲೂ ಹೆಸರು ಸಿಗುವುದು ಅಪರೂಪ. ದೊಡ್ಡ ಬಿದಿರಿನ ಗುರುತು ಇರುವುದು ನಮ್ಮ ಕಣ್ಣು ಸೆಳೆಯುವ ಗಳದಲ್ಲಿ ಅಷ್ಟಾಗಿ ಅಲ್ಲ. ಗಳ ಬೆಳೆಯುವಾಗ ಅದನ್ನು ಸುತ್ತಿಕೊಂಡಿದ್ದು, ಆಮೇಲೆ ಒಣಗಿ ನೆಲಕ್ಕೆ ಬಿದ್ದು ಕಾಲಡಿ ಸಿಕ್ಕಿ ಪುಡಿಯಾಗುವ ಪೊರೆಯಲ್ಲಿ ಅದು ಹೆಚ್ಚಾಗಿ ಇರುತ್ತದೆ. ಬೇಸಿಗೆಯಲ್ಲಿ ಮೆಳೆ ನೋಡಿ ಬಂದವರಿಗೆ ಹೆಸರು ಸಿಗದಿರುವುದಕ್ಕೆ ಇದೇ ಮುಖ್ಯ ಕಾರಣ.

ಗಾತ್ರ ಏಕೆ ಮೋಸ ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಮಾವು, ಹಲಸು, ಸಾಗುವಾನಿ ಮರಗಳು ವರ್ಷದಿಂದ ವರ್ಷಕ್ಕೆ ಸುತ್ತಳತೆಯಲ್ಲಿ ಬೆಳೆಯುತ್ತವೆ. ಬಿದಿರು ಹುಲ್ಲಿನ ಕುಟುಂಬದ್ದು. ಅದಕ್ಕೆ ಆ ಸೌಲಭ್ಯವಿಲ್ಲ. ಕಳಲೆ ನೆಲದಿಂದ ಮೇಲೆ ಬರುವಾಗ ಎಷ್ಟು ದಪ್ಪವಿರುತ್ತದೋ ಗಳದ ದಪ್ಪವೂ ಕೊನೆಯವರೆಗೆ ಅಷ್ಟೇ. ಮಳೆಗಾಲದ ಕೆಲವೇ ತಿಂಗಳಲ್ಲಿ ಅದು ತನ್ನ ಪೂರ್ತಿ ಎತ್ತರ ಮುಟ್ಟಿಬಿಡುತ್ತದೆ. ದೊಡ್ಡ ಜಾತಿಗಳು ಒಳ್ಳೆಯ ಮಳೆಯಲ್ಲಿ ದಿನಕ್ಕೆ ಒಂದು ಅಡಿ ಏರುವುದೂ ಉಂಟು. ಆಮೇಲಿನ ಮೂರ್ನಾಲ್ಕು ವರ್ಷ ನಡೆಯುವುದೆಲ್ಲ ಒಳಗೊಳಗೇ ಗಟ್ಟಿಯಾಗುವ ಕೆಲಸ. ಹೀಗಾಗಿ ಗಳದ ದಪ್ಪ ಹೇಳುವುದು ಆ ಗಳದ ವಯಸ್ಸನ್ನಲ್ಲ, ಅದನ್ನು ಹೆತ್ತ ಮೆಳೆಯ ಕಸುವನ್ನು. ಸಸಿ ನೆಟ್ಟ ಮೊದಲ ವರ್ಷಗಳಲ್ಲಿ ಏಳುವ ಗಳಗಳು ಪೆನ್ಸಿಲ್ಲಿನಷ್ಟು, ಹೆಬ್ಬೆರಳಿನಷ್ಟು ದಪ್ಪವಿರುತ್ತವೆ. ನೆಲದಡಿಯ ಗಡ್ಡೆ ಹಿಗ್ಗಿದಂತೆ ಪ್ರತಿ ಮಳೆಗಾಲದ ಪೀಳಿಗೆಯೂ ಹಿಂದಿನದಕ್ಕಿಂತ ದಪ್ಪನಾಗಿ ಬರುತ್ತದೆ. ಜಗತ್ತಿನ ಅತಿ ದೊಡ್ಡ ಬಿದಿರೂ ಐದನೇ ವರ್ಷದಲ್ಲಿ ಸಾಧಾರಣ ಬಿದಿರಿನಂತೆಯೇ ಕಾಣಬಹುದು. ಹಾಗೆ ನೋಡಿದರೆ ಬಲಿತ ಮೆಳೆ ಸಿಕ್ಕವರು ಅದೃಷ್ಟವಂತರು, ಆ ಜಾತಿ ಎಷ್ಟರಮಟ್ಟಿಗೆ ಬೆಳೆಯಬಲ್ಲದು ಎಂಬುದಾದರೂ ಅಲ್ಲಿ ಕಣ್ಣೆದುರಿಗೆ ನಿಂತಿರುತ್ತದೆ.

ಆದರೂ ಅಳತೆ ನಮ್ಮನ್ನು ಅರ್ಧ ದಾರಿಗೇ ಬಿಟ್ಟುಹೋಗುತ್ತದೆ. ನಮ್ಮ ಹೆಬ್ಬಿದಿರು, ಅಂದರೆ ಬ್ಯಾಂಬೂಸಾ ಬ್ಯಾಂಬೋಸ್, ಒಳ್ಳೆಯ ನೆಲದಲ್ಲಿ 10ರಿಂದ 18 ಸೆಂಟಿಮೀಟರ್ ಅಡ್ಡಳತೆಗೆ ಬರುತ್ತದೆ. ಬರ್ಮಾ ಬಿದಿರೆಂದು ಕರೆಯುವ ಡೆಂಡ್ರೊಕ್ಯಾಲಮಸ್ ಬ್ರಾಂಡಿಸೈ 13ರಿಂದ 20, ಆಗ್ನೇಯ ಏಷ್ಯಾದಲ್ಲಿ ಕಳಲೆಗಾಗಿ ಬೆಳೆಯುವ ಡೆಂಡ್ರೊಕ್ಯಾಲಮಸ್ ಆಸ್ಪರ್ 8ರಿಂದ 20, ಹೆಸರಿನಲ್ಲೇ ದೈತ್ಯನಾಗಿರುವ ಡೆಂಡ್ರೊಕ್ಯಾಲಮಸ್ ಜೈಗಾಂಟಿಯಸ್ 20ರಿಂದ 30 ಸೆಂಟಿಮೀಟರ್. ಈ ಅಂಕಿಗಳು ಒಂದರ ಮೇಲೊಂದು ಏರಿ ಕೂತಿರುವುದನ್ನು ಗಮನಿಸಿ. ಮೆಳೆಯಲ್ಲಿ 16 ಸೆಂಟಿಮೀಟರಿನ ಗಳ ಸಿಕ್ಕರೆ ಮೊದಲ ಮೂರರಲ್ಲಿ ಯಾವುದೂ ಆಗಬಹುದು. ನೆಲ ಬಡವಾಗಿದ್ದರೆ ನಾಲ್ಕನೆಯದೂ ಆಗಬಹುದು. ದೊಡ್ಡದಾಗಿದ್ದ ಮಾತ್ರಕ್ಕೆ ವಿಜ್ಞಾನದ ಕಣ್ಣಿಗೆ ಬಿದ್ದಿರುತ್ತದೆ ಎಂಬ ಭರವಸೆಯೂ ಇಲ್ಲ. ಚೀನಾದ ಯುನ್ನಾನ್ ಪ್ರಾಂತ್ಯದ ದಕ್ಷಿಣದಲ್ಲಿರುವ ಡೆಂಡ್ರೊಕ್ಯಾಲಮಸ್ ಸಿನಿಕಸ್ ಜಗತ್ತಿನ ಅತಿ ದಪ್ಪ ಬಿದಿರುಗಳಲ್ಲಿ ಒಂದು, ಅಲ್ಲಿನ ಹಳ್ಳಿಗರು ಅದನ್ನು ಬೆಳೆಸಿ ಬಳಸಿಕೊಂಡೇ ಬಂದವರು. ಆದರೂ ಅದಕ್ಕೆ ಸಸ್ಯಶಾಸ್ತ್ರದ ಹೆಸರು ಸಿಕ್ಕಿದ್ದು 1982ರಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಹದಿಮೂರು ವರ್ಷವಾಗಿತ್ತು.

ಇಷ್ಟು ತಡವಾಗಲು ಕಾರಣ ಸಸ್ಯಶಾಸ್ತ್ರದ ಬುಡದಲ್ಲೇ ಇದೆ. 1753ರಲ್ಲಿ ಲಿನೇಯಸ್ ಗಿಡಗಳನ್ನು ವಿಂಗಡಿಸಿದ್ದು ಹೂವಿನ ಭಾಗಗಳನ್ನು ಎಣಿಸಿ. ದಾಸವಾಳಕ್ಕೆ, ತುಂಬೆಗೆ ಆ ಲೆಕ್ಕ ಸಲೀಸು. ಬಿದಿರು ಮಾತ್ರ ಈ ವ್ಯವಸ್ಥೆಗೆ ಸುಲಭವಾಗಿ ಒಗ್ಗಲಿಲ್ಲ. ಹೆಬ್ಬಿದಿರು ಒಟ್ಟಾಗಿ ಹೂ ಬಿಡುವುದು 30ರಿಂದ 45 ವರ್ಷಕ್ಕೊಮ್ಮೆ. ಬಿದಿರಕ್ಕಿ ಉದುರಿಸಿ ಇಡೀ ಮೆಳೆ ಸಾಯುತ್ತದೆ. ಮಿಜೋರಾಮಿನ ಮೆಲೊಕಾನಾ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಹೂ ಬಿಟ್ಟು, ಆ ಕಾಯಿ ತಿಂದು ಹೆಚ್ಚಿದ ಇಲಿಗಳು ಗದ್ದೆಗೆ ನುಗ್ಗಿದ ಕಥೆ ದೇಶಕ್ಕೇ ಗೊತ್ತು. 1958-59ರಲ್ಲಿ ಒಮ್ಮೆ, ಮತ್ತೆ 2006-08ರಲ್ಲಿ. ಊರಮನೆಗಳ ಮುಂದೆ ಹಳದಿ ಮೈಗೆ ಹಸಿರು ಗೀಟು ಎಳೆದುಕೊಂಡು ನಿಂತಿರುವ ಬ್ಯಾಂಬೂಸಾ ವಲ್ಗಾರಿಸ್ ಅಂತೂ ಹೂ ಬಿಡುವುದೇ ವಿರಳ, ಬಿಟ್ಟರೂ ಬೀಜ ಕಟ್ಟುವುದಿಲ್ಲ. ಒಬ್ಬ ಸಸ್ಯತಜ್ಞನ ಇಡೀ ವೃತ್ತಿಜೀವನ ಎರಡು ಹೂವಿನ ನಡುವಿನ ಬಿಡುವಿನಲ್ಲೇ ಕಳೆದುಹೋಗಬಹುದು. ಸಂಗ್ರಹದ ತೊಡಕು ಬೇರೆ. ಒಣಗಿಸಿದ ಗಿಡವನ್ನು ಅಂಟಿಸಿಡುವ ಹಾಳೆ 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲ. ಅದರ ಮೇಲೆ ಎಂಬತ್ತು ಅಡಿಯ ಬಿದಿರನ್ನು ತರುವುದೆಂದರೆ ತುದಿಯ ಒಂದು ಎಲೆಗೊಂಚಲನ್ನು ಕಿತ್ತು ತರುವುದು ಎಂದೇ ಅರ್ಥ. ಹಾಗೆ ಬಂದ ಹಳೆಯ ಮಾದರಿಗಳಲ್ಲಿ ಎಷ್ಟೋ ಬರೀ ಎಲೆ. ಎಲೆ ನೋಡಿ ಒಂದು ಬಿದಿರನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟಾತಿಕಷ್ಟ.

ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ತೋರಿಸಿದ್ದು ಕಳಲೆಯ ಪೊರೆ. ಮಳೆಗಾಲದಲ್ಲಿ ಮೊಳೆಯುವ ಕಳಲೆ ಬರಿಮೈಯಲ್ಲಿ ಬರುವುದಿಲ್ಲ. ಪ್ರತಿ ಗೆಣ್ಣಿನಿಂದಲೂ ಒಂದೊಂದು ಪೊರೆ ಹೊರಟು ಎಳೆಯ ಕಾಂಡವನ್ನು ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಅಡಿಕೆ ಹಾಳೆ ನೋಡಿದವರಿಗೆ ಇದರ ಅಂದಾಜು ಸಿಗುತ್ತದೆ: ಅಷ್ಟೇ ಚರ್ಮದಂಥ ಗಡಸು, ಒಳಮೈ ಅಷ್ಟೇ ನುಣುಪು ಮತ್ತು ಹೊಳಪು. ವ್ಯತ್ಯಾಸವೆಲ್ಲ ಹೊರಮೈಯಲ್ಲಿ ಮತ್ತು ತಲೆಭಾಗದಲ್ಲಿದೆ. ಹೊರಮೈ ಮೇಲೆ ರೋಮ ಇರಬಹುದು, ಇಲ್ಲದಿರಬಹುದು. ಇದ್ದರೆ ಬಿಳಿಯೋ ಕಂದೋ ಕಪ್ಪೋ, ಮೈಗೆ ಒತ್ತಿಕೊಂಡಿದೆಯೋ ಚುಚ್ಚುವಂತೆ ನಿಂತಿದೆಯೋ ಎಂಬುದನ್ನು ನೋಡಬೇಕು. ಬರಿಗೈಲಿ ಮುಟ್ಟಬೇಡಿ, ಆ ರೋಮ ಚರ್ಮಕ್ಕೆ ಚುಚ್ಚಿಕೊಂಡರೆ ದಿನವಿಡೀ ತುರಿಕೆ. ಪೊರೆಯ ತಲೆಯ ಮೇಲೆ ಚಿಕ್ಕ ಎಲೆಯಂಥ ಒಂದು ಅಲಗು ಇರುತ್ತದೆ. ಕೆಲವು ಜಾತಿಗಳಲ್ಲಿ ಅದು ಅಗಲವಾದ ತ್ರಿಕೋನವಾಗಿ ನೆಟ್ಟಗೆ ನಿಂತಿರುತ್ತದೆ, ಕೆಲವದರಲ್ಲಿ ಉದ್ದವಾಗಿ ಹಿಂದಕ್ಕೆ ಮಡಚಿಕೊಂಡು ಜೋತಾಡುತ್ತದೆ. ಅಲಗು ಪೊರೆಗೆ ಸೇರುವ ಜಾಗದ ಎರಡೂ ಬದಿಗೆ ಕಿವಿಯಂಥ ಚಾಚುಗಳಿರಬಹುದು, ಕಿವಿಯ ಅಂಚಿಗೆ ಬಿರುಗೂದಲೂ ಇರಬಹುದು. ಅಲಗಿನ ಒಳಬದಿಯ ಬುಡದಲ್ಲಿ, ಪೊರೆಯ ಮೇಲಂಚಿನುದ್ದಕ್ಕೂ ಒಂದು ತೆಳ್ಳನೆಯ ಪಟ್ಟಿ ಎದ್ದಿರುತ್ತದೆ. ಸಸ್ಯತಜ್ಞರು ಇದನ್ನು ನಾಲಿಗೆ ಎನ್ನುತ್ತಾರೆ. ಅದರ ಎತ್ತರ ಒಂದೆರಡು ಮಿಲಿಮೀಟರಿನಿಂದ ಎರಡು ಸೆಂಟಿಮೀಟರಿನವರೆಗೆ ಇರಬಹುದು. ಅಂಚು ನಯವಾಗಿರಬಹುದು, ಗರಗಸದ ಹಲ್ಲಿನಂತಿರಬಹುದು, ಚಿಂದಿಯಂತೆ ಹರಿದಿರಬಹುದು. ಅಲಗು, ಕಿವಿ, ನಾಲಿಗೆ, ರೋಮ: ಈ ನಾಲ್ಕರ ಜೋಡಣೆ ಜಾತಿಯಿಂದ ಜಾತಿಗೆ ಬದಲಾಗುತ್ತದೆ, ಒಂದೇ ಜಾತಿಯೊಳಗೆ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಗುರುತಿಗೆ ಬೇಕಾದದ್ದು ಇದೇ ಗುಣ.

ಪೊರೆಯ ಈ ಮಹತ್ವ ನಿನ್ನೆ ಮೊನ್ನೆಯ ಶೋಧವಲ್ಲ. ಬಿದಿರುಗಳ ಮೊದಲ ದೊಡ್ಡ ಅಧ್ಯಯನವನ್ನು 1868ರಲ್ಲಿ ಪ್ರಕಟಿಸಿದ ವಿಲಿಯಂ ಮನ್ರೊ ಒಬ್ಬ ಸೇನಾಧಿಕಾರಿ (ಬಳ್ಳಾರಿ ಸೀಮೆಯವರಿಗೆ ಗೊತ್ತಿರುವ ಥಾಮಸ್ ಮನ್ರೊ ಬೇರೆ). ಜೈಗಾಂಟಿಯಸ್, ಬ್ರಾಂಡಿಸೈ ಎರಡರ ಹೆಸರೂ ಆ ಕೃತಿಯಿಂದಲೇ ಬಂದವು. ಎರಡನೆಯದು ಭಾರತದ ಮೊದಲ ಅರಣ್ಯ ಮಹಾ ನಿರೀಕ್ಷಕ ಡೀಟ್ರಿಚ್ ಬ್ರಾಂಡಿಸ್ ಅವರ ನೆನಪಿಗೆ. ಮನ್ರೊ ಕೆಲಸ ಮಾಡಿದ್ದು ಬಹುತೇಕ ಒಣ ಮಾದರಿಗಳ ಮೇಲೆ. ಕಾಡಿನಲ್ಲಿ ಓಡಾಡಿದ ಅರಣ್ಯಾಧಿಕಾರಿ ಜೇಮ್ಸ್ ಸೈಕ್ಸ್ ಗ್ಯಾಂಬಲ್ 1896ರಲ್ಲಿ ಬ್ರಿಟಿಷ್ ಭಾರತದ ಬಿದಿರುಗಳ ಬಗ್ಗೆ ಬರೆದ ಬೃಹತ್ ಗ್ರಂಥದ ಚಿತ್ರಪಟಗಳಲ್ಲಿ ಹೂವು, ಎಲೆಗಳ ಜೊತೆ ಪೊರೆಗೂ ಜಾಗ ಸಿಕ್ಕಿತು. 1963ರಲ್ಲಿ ಚಟರ್ಜಿ ಮತ್ತು ರೈಜಾದ ಎಂಬ ಇಬ್ಬರು, ಪೊರೆಯೊಂದರಿಂದಲೇ ಬಿದಿರನ್ನು ಗುರುತಿಸುವ ಬಗ್ಗೆ ಪ್ರತ್ಯೇಕ ಲೇಖನವನ್ನೇ ಬರೆದರು. ಆಮೇಲೆ ಬಂದ ಕೈಪಿಡಿಗಳೆಲ್ಲ, ಕೇರಳದ ಅರಣ್ಯ ಸಂಶೋಧನಾ ಸಂಸ್ಥೆಯಿಂದ 1998ರಲ್ಲಿ ಬಂದ ಭಾರತದ ಬಿದಿರುಗಳ ಸಂಕಲನವೂ ಸೇರಿ, ಇದೇ ಹಾದಿ ಹಿಡಿದಿವೆ.

ಇನ್ನು ನಮ್ಮ ಮೆಳೆಗೆ ಬರೋಣ. ದೂರದಿಂದಲೇ ಒಂದಷ್ಟು ಹೆಸರುಗಳನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ಗಳಗಳು ಒತ್ತೊತ್ತಾಗಿ ಗುಂಪುಕಟ್ಟಿ ನಿಂತಿದ್ದರೆ ಅದು ಉಷ್ಣವಲಯದ ಬಿದಿರು. ನೆಲದಡಿ ಬೇರುಕಾಂಡ ಓಡಿಸಿ ಅಂಗಳವೆಲ್ಲ ಹರಡುವ ಚೀನಾ, ಜಪಾನಿನ ಮೋಸೊ ಬಿದಿರಿನ ಬಳಗ ಅಲ್ಲಿಗೇ ಹೊರಗುಳಿಯಿತು. ಮುಳ್ಳಿನದು ಎರಡನೆಯ ಪ್ರಶ್ನೆ. ಹೆಬ್ಬಿದಿರಿನ ಗೆಣ್ಣುಗಳಲ್ಲಿ ಎರಡೋ ಮೂರೋ ಕೊಕ್ಕೆ ಮುಳ್ಳುಗಳು ಜೊತೆಯಾಗಿರುತ್ತವೆ, ಬುಡದ ಕೊಂಬೆಗಳು ಹೆಣೆದುಕೊಂಡು ಬೇಲಿಯನ್ನೇ ಕಟ್ಟಿರುತ್ತವೆ. ಈ ಬೇಲಿ ಗುರುತಿಗಷ್ಟೇ ಇರುವುದಲ್ಲ ಎಂದು ತೋರಿಸಿಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ನರೇಂದ್ರ ಪ್ರಸಾದ್. ಕರ್ನಾಟಕದ ಬಿದಿರು ಏಕೆ ಕರಗುತ್ತಿದೆ ಎಂದು 1970ರ ದಶಕದಲ್ಲಿ ಅಧ್ಯಯನ ಮಾಡಿದ ಅವರಿಗೆ, ಕಾಗದದ ಕಾರ್ಖಾನೆಗಾಗಿ ಕಡಿಯುವವರು ಮೆಳೆಯ ಬುಡದ ಮುಳ್ಳನ್ನು ಸವರಿ ‘ಚೊಕ್ಕ’ ಮಾಡಿದ ಕಡೆಗಳಲ್ಲಿ ಕಳಲೆಯನ್ನು ದನ, ಮುಳ್ಳುಹಂದಿ, ಕೋತಿಗಳು ಸಲೀಸಾಗಿ ತಿಂದುಹಾಕುತ್ತಿದ್ದುದು ಕಂಡಿತು. ಹಳ್ಳಿಯವರು ಕಡಿಯುವಾಗ ಮುಳ್ಳಿನ ಹೊದಿಕೆಯನ್ನು ಬಿಟ್ಟೇ ಕಡಿಯುತ್ತಿದ್ದರು. ಅದಿರಲಿ. ಮುಳ್ಳಿನ ವಿಷಯದಲ್ಲಿ ಒಂದು ಎಚ್ಚರ ಬೇಕು: ಬಂಗಾಳ, ಅಸ್ಸಾಂ ಕಡೆಯ ಬ್ಯಾಂಬೂಸಾ ಬಾಲ್ಕೂವಾದ ಬುಡದಲ್ಲಿ ಎಲೆಯಿಲ್ಲದ ಗಡಸು ಕಡ್ಡಿಕೊಂಬೆಗಳು ಮುಳ್ಳಿನಂತೆಯೇ ಚುಚ್ಚುತ್ತವೆ. ಅದರ ಗೆಣ್ಣು ಉಬ್ಬಿದ್ದು, ಮೇಲೆ ಬಿಳಿಯ ಉಂಗುರವಿರುತ್ತದೆ; ಪೊರೆಗೆ ಕಿವಿಯಿಲ್ಲ. ನಮ್ಮ ಇನ್ನೊಂದು ಕಾಡು ಬಿದಿರು, ಕಿರುಬಿದಿರು ಅಥವಾ ಡೆಂಡ್ರೊಕ್ಯಾಲಮಸ್ ಸ್ಟ್ರಿಕ್ಟಸ್, ಮುಳ್ಳಿಲ್ಲದ್ದು ನಿಜ, ಆದರೆ 8 ಸೆಂಟಿಮೀಟರಿಗಿಂತ ದಪ್ಪವಾಗುವುದು ವಿರಳ. ಈ ಒಂದು ಕಡೆ ಮಾತ್ರ ಅಳತೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಹೀಗೆ ಜರಡಿ ಹಿಡಿದ ಮೇಲೆ ಮುಳ್ಳಿಲ್ಲದ, ಗುಂಪುಕಟ್ಟುವ ಭಾರಿ ಬಿದಿರಿಗೆ ನಮ್ಮ ಕಡೆ ಉಳಿಯುವ ಮುಖ್ಯ ಹೆಸರುಗಳು ಮೂರು: ಬ್ರಾಂಡಿಸೈ, ಜೈಗಾಂಟಿಯಸ್, ಆಸ್ಪರ್. ನರ್ಸರಿಗಳಲ್ಲಿ, ತೋಟಗಳಲ್ಲಿ ಹೆಚ್ಚು ಅದಲುಬದಲಾಗುವುದೂ ಈ ಮೂರೇ. ಗಳದ ಮೈ ಸ್ವಲ್ಪ ಸುಳಿವು ಕೊಡುತ್ತದೆ, ಅದೂ ಆ ವರ್ಷದ ಹೊಸ ಗಳ ಮಾತ್ರ. ಆಸ್ಪರ್‌ನ ಕೆಳಗಿನ ಗೆಣ್ಣುಗಳ ನಡುವೆ ಹೊಂಗಂದು ಬಣ್ಣದ ಮಖಮಲ್ಲಿನಂಥ ರೋಮ ಹತ್ತಿರುತ್ತದೆ, ಬುಡದ ಗೆಣ್ಣುಗಳ ಸುತ್ತ ಗಾಳಿಬೇರುಗಳ ದಟ್ಟ ಬಳೆ. ಬ್ರಾಂಡಿಸೈನ ಎಳೆಗಳಕ್ಕೆ ಬಿಳಿಯ, ಬೂದುಬಿಳಿಯ ನವಿರು. ಜೈಗಾಂಟಿಯಸ್‌ಗೆ ರೋಮಕ್ಕಿಂತ ಹೆಚ್ಚಾಗಿ ಉಗುರಿನಿಂದ ಗೀಚಿದರೆ ಕೈಗೆ ಬರುವ ಬಿಳಿಯ ಮೇಣದ ಪುಡಿ. ಎರಡು ಮೂರು ಮಳೆ ಕಂಡ ಗಳದಲ್ಲಿ ಇದೆಲ್ಲ ತೊಳೆದುಹೋಗಿ, ಪಾಚಿ ಹಿಡಿದು, ಬಿಸಿಲು ಬಿದ್ದ ಬದಿ ಹಳದಿಗೆ ತಿರುಗಿ ಮೂರೂ ಒಂದೇ ಥರ ಕಾಣುತ್ತವೆ. ಗಾಳಿಬೇರಿನ ಗುರುತನ್ನೂ ಪೂರ್ತಿ ನಂಬುವಂತಿಲ್ಲ, ಮೂರರಲ್ಲೂ ಕೆಳಗೆಣ್ಣುಗಳಲ್ಲಿ ಅವು ಕಾಣುತ್ತವೆ. ತಕರಾರು ಬಗೆಹರಿಯುವುದು ಪೊರೆಯ ತಲೆಯಲ್ಲಿ. ಬ್ರಾಂಡಿಸೈನ ನಾಲಿಗೆ ಒಂದು ಸೆಂಟಿಮೀಟರಿನಷ್ಟೋ ಅದಕ್ಕಿಂತ ಹೆಚ್ಚೋ ಎತ್ತರವಿದ್ದು, ಅಂಚು ಆಳವಾಗಿ ಹರಿದಿರುತ್ತದೆ, ಪೊರೆಯ ಬೆನ್ನಿಗೆ ಬಿಳಿರೋಮ ಒತ್ತಿಕೊಂಡಿರುತ್ತದೆ, ಕಿವಿ ಚಿಕ್ಕದು. ಜೈಗಾಂಟಿಯಸ್‌ನ ನಾಲಿಗೆ ಗಡುಸು, ಗಾಢ ಬಣ್ಣದ್ದು, ಅಂಚಿಗೆ ಗರಗಸದ ಹಲ್ಲು. ಕಿವಿಗಳು ಅಲೆಯಂತೆ ಸುಕ್ಕುಗಟ್ಟಿದ್ದು ಬಿರುಗೂದಲಿಲ್ಲದವು. ಆಸ್ಪರ್‌ನ ಕಿವಿಗೂ ನಾಲಿಗೆಗೂ ಬಿರುಗೂದಲ ಅಂಚು ಇರುತ್ತದೆ. ಇದನ್ನು ನೋಡಲು ಹತ್ತು ಪಟ್ಟು ದೊಡ್ಡದಾಗಿಸುವ ಒಂದು ಪುಟ್ಟ ಮಸೂರ ಸಾಕು.

ಯಾವ ಪೊರೆ ಎಂಬುದೂ ಮುಖ್ಯ. ಬುಡದ ಮೊದಲೆರಡು ಗೆಣ್ಣುಗಳ ಪೊರೆ ಕುಳ್ಳಗೆ, ಅಲಗು ಬೆಳೆಯದೆ ಇರುತ್ತದೆ. ತೀರಾ ಮೇಲಿನ ಪೊರೆಗಳಲ್ಲಿ ಅಲಗು ಉದ್ದವಾಗಿ ಎಲೆಯನ್ನೇ ಹೋಲತೊಡಗುತ್ತದೆ. ಹೀಗಾಗಿ ಬುಡದಿಂದ ಐದನೆಯ ಗೆಣ್ಣಿನ ಆಸುಪಾಸಿನದನ್ನು ನೋಡುವುದು ರೂಢಿ. ಮುಂಗಾರು ಹಿಡಿದ ಮೇಲೆ ಕಳಲೆ ಏಳುತ್ತದೆ. ಕೆಲವು ಜಾತಿಗಳ ಪೊರೆ ಬೇಗ ಕಳಚುತ್ತದೆ, ಕಿರುಬಿದಿರಿನಂಥವುಗಳದ್ದು ತಿಂಗಳುಗಟ್ಟಲೆ ಗಳಕ್ಕೇ ಅಂಟಿಕೊಂಡಿರುತ್ತದೆ. ಕಳಚಿ ಬಿದ್ದ ಪೊರೆಯನ್ನು ಗೆದ್ದಲು ಮತ್ತು ಮಳೆ ಸೇರಿ ಮುಗಿಸುವ ಮೊದಲು ಎತ್ತಿಕೊಳ್ಳಬೇಕು. ಆಗಸ್ಟಿನಿಂದ ಅಕ್ಟೋಬರ್ ಕೊನೆಯವರೆಗೆ ಮೆಳೆಯ ಬಳಿ ಹೋದರೆ ನಿಂತ ಪೊರೆಯೂ ಬಿದ್ದ ಪೊರೆಯೂ ಒಟ್ಟಿಗೇ ಸಿಗುವ ಸಂಭವ ಹೆಚ್ಚು. ಸ್ಥಳಕ್ಕೆ ಹೋದ ದಿನ ಹೆಸರು ಸಿಗಲೇಬೇಕೆಂಬ ಆತುರವೇ ಈ ಕೆಲಸದ ದೊಡ್ಡ ಶತ್ರು.

ಪೊರೆಯಿಂದ ಗುರುತಿಸುವ ಈ ವಿಧಾನಕ್ಕೆ ಗಂಭೀರವಾದ ಒಂದು ಆಕ್ಷೇಪವಿದೆ. ಕುಲವನ್ನು ನಿರ್ಧರಿಸುವುದು ಹೂವು. ಪೊರೆ ಎಷ್ಟಿದ್ದರೂ ಹೊರಗಿನ ಉಡುಪು, ಹೂವಿಲ್ಲದೆ ಇಡುವ ಹೆಸರು ಬರೀ ಊಹೆ ಎಂಬುದು ಅದರ ಸಾರ. ಹೊಸ ಜಾತಿಯೊಂದನ್ನು ಜಗತ್ತಿಗೆ ಮೊದಲ ಬಾರಿ ಪರಿಚಯಿಸುವವರ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಆದರೆ ಹೂವು ಸಿಕ್ಕೊಡನೆ ಜಗಳ ಮುಗಿಯುತ್ತದೆಂಬ ನಂಬಿಕೆಯನ್ನು ನಮ್ಮ ಪಶ್ಚಿಮ ಘಟ್ಟದ ಬಿದಿರೇ ಸುಳ್ಳುಮಾಡಿದೆ. ಉತ್ತರ ಕನ್ನಡದಿಂದ ಕೊಂಕಣದವರೆಗೆ ಬೇಲಿಯುದ್ದಕ್ಕೂ ಬೆಳೆಸುವ, ಒಳಗೆ ಟೊಳ್ಳೇ ಇಲ್ಲವೆಂಬಷ್ಟು ಗಟ್ಟಿಯಾದ ಮಾರಿಹಾಳ್ ಬಿದಿರನ್ನು ಮನ್ರೊ 1868ರಲ್ಲಿ ಆಕ್ಸಿಟೆನಾಂಥೆರಾ ಕುಲಕ್ಕೆ ಸೇರಿಸಿದರು. ಆಮೇಲೆ ಅದು ಸ್ಯೂಡಾಕ್ಸಿಟೆನಾಂಥೆರಾ ಎಂಬ ಹೊಸ ಕುಲಕ್ಕೆ ಹೋಯಿತು. 2004ರಲ್ಲಿ ಕೇರಳದ ವಿಜ್ಞಾನಿಗಳು ಡೆಂಡ್ರೊಕ್ಯಾಲಮಸ್‌ಗೆ ತಂದರು. ಹೂವನ್ನು ಕಂಡವರ ನಡುವೆಯೇ ನಡೆದ ವಾದವಿದು. ಇಷ್ಟೆಲ್ಲ ನಡೆದರೂ ಅದರ ‘ಸ್ಟಾಕ್ಸೈ’ ಎಂಬ ಜಾತಿಹೆಸರು ಕದಲಲಿಲ್ಲ. ಬೇಲಿಯ ಮಗ್ಗುಲಲ್ಲಿ ನಿಂತ ರೈತನಿಗೆ ಅದು ಯಾವ ಬಿದಿರೆಂಬ ಗೊಂದಲವೂ ಹುಟ್ಟಲಿಲ್ಲ. ಹೆಸರಿಡುವ ಕೆಲಸ ಬೇರೆ, ಈಗಾಗಲೇ ಹೆಸರಿರುವ ಜಾತಿಗಳಲ್ಲಿ ಇದು ಯಾವುದೆಂದು ಹೊಂದಿಸುವ ಕೆಲಸ ಬೇರೆ. ಎರಡನೆಯದಕ್ಕೆ ಪೊರೆ ಸಾಕು. ಹೂವಿಗಾಗಿ ನಲವತ್ತು ವರ್ಷ ಕಾಯುತ್ತೇನೆ ಎನ್ನುವವರಿಗೆ ಹೂ ಬಿಡುವ ಹೊತ್ತಿಗೆ ಮೆಳೆಯೇ ಉಳಿದಿರುತ್ತದೆಂಬ ಖಾತ್ರಿಯೂ ಇಲ್ಲ.

ಊರಿನವರನ್ನು ಕೇಳಿದರಾಯಿತಲ್ಲ ಎಂಬ ಮಾತೂ ಬರುತ್ತದೆ. ಕೇಳಲೇಬೇಕು. ಮೊರ, ಬುಟ್ಟಿ, ತಟ್ಟಿ ಹೆಣೆಯುವ ಮೇದಾರರಿಗೆ ಬಿದಿರಿನ ಒಳಗುಟ್ಟು ಗೊತ್ತಿರುವಷ್ಟು ಎಷ್ಟೋ ಪ್ರಯೋಗಾಲಯಗಳಿಗೆ ಗೊತ್ತಿರಲಾರದು. ಸೀಳುವಾಗ ಗಳ ನೇರ ಬಿಚ್ಚಿಕೊಳ್ಳುತ್ತದೋ ಗೆಣ್ಣಿನಲ್ಲಿ ತಡೆಯುತ್ತದೋ, ದಬ್ಬೆ ಬಾಗುತ್ತದೋ ಮುರಿಯುತ್ತದೋ ಎಂಬುದನ್ನು ಕತ್ತಿ ಹಿಡಿದ ಕೈ ತಿಳಿಸುತ್ತದೆ, ಅದೂ ಸಾಕ್ಷ್ಯವೇ. ಆದರೆ ಈ ಜ್ಞಾನ ಬಳಕೆಯ ಸುತ್ತ ಬೆಳೆದದ್ದು. ಹೆಣಿಗೆಗೆ ಒಂದೇ ಥರ ಒದಗುವ ಎರಡು ಜಾತಿಗೆ ಒಂದೇ ಹೆಸರು ಸಾಕಾಗುತ್ತದೆ, ನೆಲದಿಂದ ನೆಲಕ್ಕೆ ಬದಲಾಗುವ ಒಂದೇ ಜಾತಿಗೆ ಎರಡು ಹೆಸರೂ ಇರಬಹುದು. ಕಿರುಬಿದಿರು ಒಣ ಗುಡ್ಡದಲ್ಲಿ ಲಾಠಿಗೆ ಒದಗುವಷ್ಟು ಗಟ್ಟಿ, ತೇವದ ಕಣಿವೆಯಲ್ಲಿ ಅದೇ ಟೊಳ್ಳು. ಇನ್ನು ಹೊರಗಿನಿಂದ ಬಂದ ಬಿದಿರಿನ ವಿಷಯದಲ್ಲಿ ಊರಿನ ನೆನಪು ಒಂದೆರಡು ತಲೆಮಾರಿಗಿಂತ ಆಳವಿಲ್ಲ. ‘ಬರ್ಮಾ’ ಎಂಬುದು ಸುಳಿವು ಹೌದು, ಬ್ರಾಂಡಿಸೈನ ತವರು ಮ್ಯಾನ್ಮಾರ್, ಥಾಯ್ಲೆಂಡ್ ಕಡೆಯೇ. ಆದರೆ ಹೊರಗಿನಿಂದ ಬಂದ ದಪ್ಪ ಬಿದಿರಿಗೆಲ್ಲ ಆ ಹೆಸರು ಹತ್ತಿಕೊಂಡಿರಬಹುದು ಎಂಬ ಸಂಶಯವನ್ನು ಪೊರೆ ನೋಡುವವರೆಗೆ ಬಿಡುವಂತಿಲ್ಲ.

ಮೊಬೈಲಿನಲ್ಲಿ ಫೋಟೊ ತೆಗೆದರೆ ಹೆಸರು ಹೇಳುವ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವುಗಳಿಗೆ ನಾವು ಕೊಡುವುದು ಎಲೆಯ, ಇಲ್ಲವೇ ಇಡೀ ಮೆಳೆಯ ಚಿತ್ರ. ಗುರುತೇ ಇಲ್ಲದ ಭಾಗದಿಂದ ಗುರುತು ಹುಡುಕು ಎಂದರೆ ಅವು ತಾನೇ ಏನು ಮಾಡಿಯಾವು? ಡಿಎನ್‌ಎ ಪರೀಕ್ಷೆಯದು ಬೇರೆ ಕಥೆ, ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಗಿಡಗಳನ್ನು ಗುರುತಿಸಲು ಎರಡು ನಿರ್ದಿಷ್ಟ ಜೀನ್ ತುಣುಕುಗಳನ್ನು ಬಾರ್‌ಕೋಡ್‌ನಂತೆ ಬಳಸಬಹುದೆಂದು 2009ರಲ್ಲಿ ಅಂತರರಾಷ್ಟ್ರೀಯ ಗುಂಪೊಂದು ಒಪ್ಪಿಕೊಂಡಿತು. ಬಿದಿರಿನಲ್ಲಿ ಆ ತುಣುಕುಗಳು ಬಹಳ ನಿಧಾನವಾಗಿ ಬದಲಾಗುತ್ತವೆ. ತಲೆಮಾರಿನಿಂದ ತಲೆಮಾರಿಗೆ ದಶಕಗಳ ಅಂತರವಿರುವ ಗಿಡದಲ್ಲಿ ಇದು ಆಶ್ಚರ್ಯವಲ್ಲ. ಮೇಲಾಗಿ ನಮ್ಮ ಭಾಗದ ಮರಬಿದಿರುಗಳು ಹಿಂದೆಂದೋ ಬೇರೆ ಬೇರೆ ವಂಶಗಳು ಬೆರೆತು ಹುಟ್ಟಿದವು, ವರ್ಣತಂತುಗಳ ಆರು ಪ್ರತಿ ಹೊತ್ತವು. ಬ್ಯಾಂಬೂಸಾ, ಡೆಂಡ್ರೊಕ್ಯಾಲಮಸ್, ಜೈಗಾಂಟೊಕ್ಲೋವಾ ಕುಲಗಳ ನಡುವಿನ ಗೆರೆ ಅಣುಮಟ್ಟದಲ್ಲೂ ಮಸುಕು. ಹಾಗಾಗಿ ಪ್ರಯೋಗಾಲಯದಿಂದ ಬರುವ ಉತ್ತರ ಎಷ್ಟೋ ಸಲ ಕುಲದ ಮಟ್ಟದಲ್ಲೇ ನಿಲ್ಲುತ್ತದೆ. ಇನ್ನೂ ಒಂದು ಮಾತಿದೆ. ಡಿಎನ್‌ಎಯನ್ನು ಹೋಲಿಸಿ ನೋಡಲು ಸರಿಯಾಗಿ ಗುರುತಿಸಿದ ಮಾದರಿಯೊಂದು ಮೊದಲೇ ಇರಬೇಕಲ್ಲ. ಆ ಮಾದರಿಗೆ ಹೆಸರು ಕೊಟ್ಟವರು ಪೊರೆ ನೋಡಿಯೇ ಕೊಟ್ಟಿರುತ್ತಾರೆ. ವಿಧಾನ ಸುಧಾರಿಸುತ್ತಿದೆ, ಇಡೀ ಜೀನೋಮ್ ಓದುವ ಕೆಲಸವೂ ನಡೆದಿದೆ. ಆದರೂ ಮೆಳೆಯ ಬುಡದಲ್ಲಿ ಬಿದ್ದ ಪೊರೆಯ ಬದಲಿಗೆ ಸದ್ಯಕ್ಕೆ ಅದು ನಿಲ್ಲಲಾರದು.

ಇಷ್ಟು ಕಷ್ಟಪಟ್ಟು ಹೆಸರು ಹಿಡಿದು ಮಾಡುವುದೇನು ಎಂದು ಕೇಳುವವರೂ ಇದ್ದಾರೆ, ಬಿದಿರು ಬಿದಿರೇ ತಾನೆ? ಹೆಸರು ಮುಖ್ಯವಾಗುವುದು ನೆಡುವ ಹೊತ್ತಿಗೆ. 1927ರ ಅರಣ್ಯ ಕಾಯ್ದೆ ಬಿದಿರನ್ನು ಮರವೆಂದೇ ಪರಿಗಣಿಸಿತ್ತು. 2017ರಲ್ಲಿ ತಿದ್ದುಪಡಿಯಾಗಿ ಕಾಡಿನಾಚೆಯ ಬಿದಿರು ಆ ಕಟ್ಟಿನಿಂದ ಹೊರಬಂದ ಮೇಲೆ ಖಾಸಗಿ ಜಮೀನಿನಲ್ಲಿ ಬಿದಿರು ನೆಡುವ ಉತ್ಸಾಹ ಏರಿದೆ. ಸಸಿಗಳ ಬೇಡಿಕೆ ಏರಿದಂತೆ ಹಳೆಯ ದೊಡ್ಡ ಮೆಳೆಗಳ ಮೇಲೆ ಕಣ್ಣು ಬೀಳುತ್ತದೆ, ಕೊಂಬೆ ಕತ್ತರಿಸಿ, ಗಡ್ಡೆ ಒಡೆದು ಸಸಿ ಮಾಡುತ್ತಾರೆ. ಸಸಿಯ ಹಂತದಲ್ಲಿ ಯಾವ ದೊಡ್ಡ ಬಿದಿರೂ ತನ್ನ ಪೂರ್ತಿ ಗುರುತು ಬಿಟ್ಟುಕೊಡುವುದಿಲ್ಲ. ನೆಟ್ಟವನಿಗೆ ತಪ್ಪು ಗೊತ್ತಾಗಲು ಎಂಟು ಹತ್ತು ವರ್ಷ ಬೇಕು. ತಪ್ಪಿನ ಬೆಲೆಯೂ ಕಮ್ಮಿಯಲ್ಲ. ಎಲ್ಲ ಬಿದಿರಿನ ಕಳಲೆಯಲ್ಲೂ ಒಂದಿಷ್ಟು ಸಯನೈಡ್ ಕೊಡುವ ಅಂಶವಿರುತ್ತದೆ, ಪ್ರಮಾಣ ಜಾತಿಯಿಂದ ಜಾತಿಗೆ ಬೇರೆ. ಮಲೆನಾಡಿನ ಅಡುಗೆಮನೆಯಲ್ಲಿ ಹೆಚ್ಚಿದ ಕಳಲೆಯನ್ನು ನೀರು ಬದಲಿಸುತ್ತ ನೆನೆಹಾಕುವುದು ಸುಮ್ಮನೆ ಬಂದ ಪದ್ಧತಿಯಲ್ಲ. ಕಳಲೆಗೆಂದು ಆಸ್ಪರ್ ಬಯಸಿ ಬೇರೇನನ್ನೋ ನೆಟ್ಟವರ ಲೆಕ್ಕ ತಲೆಕೆಳಗಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಹೂವಿನದು. ಕೊಂಬೆಯಿಂದಲೋ ಗಡ್ಡೆಯಿಂದಲೋ ಮಾಡಿದ ಸಸಿ ಹೊಸ ಗಿಡದಂತೆ ಕಂಡರೂ ಸಾಮಾನ್ಯವಾಗಿ ತಾಯಿ ಮೆಳೆಯ ವಯಸ್ಸನ್ನೇ ಹೊತ್ತುಕೊಂಡಿರುತ್ತದೆ. ತಾಯಿ ಹೂ ಬಿಟ್ಟು ಸಾಯುವ ಕಾಲಕ್ಕೆ ಹತ್ತು ಊರು ದೂರದ ಮಕ್ಕಳೂ ಹೂ ಬಿಟ್ಟು ಸಾಯಬಹುದು. ತಾಯಿಯ ಜಾತಿ ಯಾವುದು, ಅದರ ಹೂವಿನ ಸುತ್ತು ಎಷ್ಟು ವರ್ಷದ್ದು, ಮೆಳೆ ಎಷ್ಟು ಹಳೆಯದು ಎಂಬ ಮೂರನ್ನೂ ತಿಳಿಯದೆ ಎಕರೆಗಟ್ಟಲೆ ನೆಡುವವರು ದೊಡ್ಡ ಜೂಜಿಗೇ ಇಳಿದಿರುತ್ತಾರೆ.

ಪೊರೆಯ ಪರವಾಗಿ ಇಷ್ಟು ವಾದಿಸಿದ ಮೇಲೂ ಅದಕ್ಕೊಂದು ಮಿತಿಯಿದೆ ಎಂಬುದನ್ನು ಮುಚ್ಚಿಡುವಂತಿಲ್ಲ. ಬೀಜದಿಂದ ಎದ್ದ ಮೆಳೆಗಳು ಒಂದರಂತೆ ಒಂದಿರುವುದಿಲ್ಲ. ರೋಮದ ದಟ್ಟಣೆ, ಕಿವಿಯ ಅಳತೆ ಒಂದೇ ಜಾತಿಯಲ್ಲೂ ಹೆಚ್ಚುಕಮ್ಮಿಯಾಗುತ್ತವೆ. ಕೈಪಿಡಿಯ ವಿವರಣೆಗೆ ಅಕ್ಷರಶಃ ಹೊಂದಲಿಲ್ಲವೆಂದು ಹೊಸ ಜಾತಿ ಸಿಕ್ಕಿತೆಂದು ಸಂಭ್ರಮಿಸುವುದೂ, ಒಂದೇ ಒಂದು ಪೊರೆ ನೋಡಿ ಖಡಾಖಂಡಿತ ತೀರ್ಪು ಕೊಡುವುದೂ ಸಮಾನ ಅಪಾಯಕಾರಿ. ಒಂದೇ ಮೆಳೆಯ ಬೇರೆ ಬೇರೆ ಗಳಗಳಿಂದ ನಾಲ್ಕೈದು ಪೊರೆ ತೆಗೆದು, ಎರಡೂ ಮೈಯನ್ನು ಅಳತೆಪಟ್ಟಿಯ ಜೊತೆಗೆ ಚಿತ್ರ ತೆಗೆದು, ತಲೆಭಾಗವನ್ನು ಹತ್ತಿರದಿಂದ ಮತ್ತೊಮ್ಮೆ ತೆಗೆದು, ಹೊಸ ಗಳದ ಗೆಣ್ಣು, ಕೊಂಬೆ ಒಡೆಯುವ ರೀತಿ, ಎಲೆಯ ಅಡಿಭಾಗ ಇವನ್ನೂ ಸೇರಿಸಿ, ಪೊರೆಗಳನ್ನು ಸುರುಳಿಯಾಗದಂತೆ ಭಾರವಿಟ್ಟು ಒಣಗಿಸಿ ಇಟ್ಟರೆ ಪರಿಣತರು ಕೈಗೆತ್ತಿಕೊಳ್ಳುವಂಥ ಮಾದರಿಯಾಗುತ್ತದೆ. ಬರ್ಮಾ ಬಿದಿರಿನ ಮೇಲೆ ಕೆಲಸ ಮಾಡಿರುವ ಪೊನ್ನಂಪೇಟೆಯ ಅರಣ್ಯ ಕಾಲೇಜು ಕೊಡಗಿನಲ್ಲೇ ಇದೆ. ಕೇರಳದ ಪೀಚಿ, ಉತ್ತರದ ಡೆಹ್ರಾಡೂನ್ ಸಂಸ್ಥೆಗಳಲ್ಲಿ ಹೋಲಿಸಿ ನೋಡಲು ಸಂಗ್ರಹಗಳಿವೆ.

ಕೊಡಗಿನ ತೋಟದಂಚಿನ ಆ ಮುಳ್ಳಿಲ್ಲದ ಹಳೆಯ ಮೆಳೆಯ ಮಟ್ಟಿಗೆ ಹೇಳುವುದಾದರೆ ಸಾಧ್ಯತೆಯ ತಕ್ಕಡಿ ಬ್ರಾಂಡಿಸೈ ಕಡೆಗೇ ವಾಲುತ್ತದೆ. ಆ ಜಿಲ್ಲೆಯಲ್ಲಿ ಅದು ಬಹುಕಾಲದಿಂದ ನೆಲೆಸಿದೆ. ಆಸ್ಪರ್ ನಮ್ಮ ತೋಟಗಳಿಗೆ ಹೆಚ್ಚಾಗಿ ಬಂದದ್ದು ಈಚಿನ ದಶಕಗಳಲ್ಲಿ, ನರ್ಸರಿಗಳ ಮೂಲಕ. ಆದರೆ ಇದು ಸಾಂದರ್ಭಿಕ ಸಾಕ್ಷ್ಯ. ಬೇಸಿಗೆಯಲ್ಲಿ ನೋಡಿದವರು ಫಲಕದ ಮೇಲೆ ‘ಡೆಂಡ್ರೊಕ್ಯಾಲಮಸ್, ಬಹುಶಃ ಬ್ರಾಂಡಿಸೈ’ ಎಂದು ಬರೆಯುವುದು ಪ್ರಾಮಾಣಿಕವಾದೀತು. ಆ ‘ಬಹುಶಃ’ವನ್ನು ತೆಗೆಯಬೇಕೋ, ಹೆಸರನ್ನೇ ಬದಲಿಸಬೇಕೋ ಎಂಬುದು ಮುಂದಿನ ಮಳೆಗಾಲದ ಕಳಲೆಯ ಐದನೆಯ ಗೆಣ್ಣಿನ ಪೊರೆ ನೋಡಿದ ಮೇಲೆ ತೀರ್ಮಾನವಾಗಲಿ. ಅಲ್ಲಿಯವರೆಗೆ ಆ ಮೆಳೆಯಿಂದ ಸಸಿ ಮಾಡಿ ಮಾರದಿದ್ದರೆ ಕೊಳ್ಳುವವರಿಗೆ ಒಳ್ಳೆಯದು.